ಮಧ್ಯಾಹ್ನದ ಬಿಸಿಲಿಗೆ ಎಲೆಕ್ಟ್ರಿಕ್ ಕಾರಿನ ಟಚ್ ಕೆಲಸ ಮಾಡುತ್ತಿಲ್ಲ, ಸರ್ವಿಸ್‌ಗೆ ಒಯ್ದರೆ ಸರಿಯಾಗಿರುತ್ತದೆ. ಏನು ಮಾಡಲಿ?

ತುಂಗಭದ್ರಾ_ದಂಡೆ:

ಎಲ್ಲರಿಗೂ ನಮಸ್ಕಾರ. ನಾನು ಹೊಸಪೇಟೆಯವಳು, ಬಳ್ಳಾರಿಯ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ದಿನಾ ಓಡಾಟ ಎಲೆಕ್ಟ್ರಿಕ್ ಕಾರಿನಲ್ಲೇ. ಹೋಗಲು ಸುಮಾರು ಅರವತ್ತು ಕಿಲೋಮೀಟರ್, ಬರಲು ಅಷ್ಟೇ. ಕಂಪನಿ ಹೆಸರು ಹೇಳುವುದಿಲ್ಲ, ಯಾರ ಮೇಲೂ ದೂರು ಹಾಕಲು ಬಂದಿಲ್ಲ. ಗಾಡಿ ನನಗೆ ತುಂಬಾ ಇಷ್ಟ. ಆದರೆ ಏಪ್ರಿಲ್ ಶುರುವಾದ ಮೇಲೆ ಒಂದು ತೊಂದರೆ ಬಿಡದೆ ಕಾಡುತ್ತಿದೆ.

ಬೆಳಿಗ್ಗೆ ಎಲ್ಲ ಸರಿಯಾಗಿರುತ್ತದೆ. ಕಾಲೇಜಿನಲ್ಲಿ ನೆರಳಿಲ್ಲ, ಗಾಡಿ ಇಡೀ ದಿನ ಬಯಲಲ್ಲೇ ನಿಲ್ಲುತ್ತದೆ. ಮೂರು ಗಂಟೆ ಮೇಲೆ ಹತ್ತಿ ಕೂತರೆ ನಡುವಿನ ದೊಡ್ಡ ಸ್ಕ್ರೀನ್ ಬೆಳಗುತ್ತದೆ, ಮ್ಯಾಪ್ ಬರುತ್ತದೆ, ಹಾಡು ಕೇಳುತ್ತದೆ. ಆದರೆ ಎಲ್ಲಿ ಒತ್ತಿದರೂ ಏನೂ ಆಗುವುದಿಲ್ಲ. ತೋರಣಗಲ್ಲು ದಾಟುವಷ್ಟರಲ್ಲಿ ತಾನಾಗಿಯೇ ಸರಿಹೋಗುತ್ತದೆ.

ನನ್ನ ಕಾರಿನಲ್ಲಿ ಎಸಿಗೆ ಬೇರೆ ಗುಂಡಿಗಳಿಲ್ಲ. ಫ್ಯಾನು, ಉಷ್ಣಾಂಶ, ಗಾಜಿನ ಮಂಜು ತೆಗೆಯುವುದು ಎಲ್ಲವೂ ಸ್ಕ್ರೀನ್ ಒಳಗೇ. ಬೆಳಿಗ್ಗೆ ಸಣ್ಣಗೆ ಇಟ್ಟ ಫ್ಯಾನು ಮಧ್ಯಾಹ್ನವೂ ಸಣ್ಣಗೇ ಇರುತ್ತದೆ. ಹೊರಗೆ ನಲವತ್ತು ಡಿಗ್ರಿ ದಾಟಿರುತ್ತದೆ. ಮೊನ್ನೆ ಅಪ್ಪನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ವಾಪಸ್ ಬರುವಾಗ ಅವರಿಗೆ ಉಸಿರು ಕಟ್ಟಿದ ಹಾಗಾಗಿ ಕಿಟಕಿ ಇಳಿಸಿದರೆ, ಬಿಸಿಗಾಳಿ ಜೊತೆಗೆ ಅದಿರಿನ ಲಾರಿಗಳ ಧೂಳು. ಅವತ್ತಿನಿಂದ ಇದು ನನಗೆ ಸಣ್ಣ ತೊಂದರೆ ಅಂತ ಅನ್ನಿಸುತ್ತಿಲ್ಲ.

ಸರ್ವಿಸ್ ಸೆಂಟರ್‌ಗೆ ಒಯ್ದೆ. ಅಲ್ಲಿ ನೆರಳಿನಲ್ಲಿ ನಿಂತ ಗಾಡಿ ಚೆನ್ನಾಗಿಯೇ ಕೆಲಸ ಮಾಡಿತು. ಸಾಫ್ಟ್‌ವೇರ್ ಹೊಸದು ಹಾಕಿ ಕಳಿಸಿದರು. ಮರುದಿನ ಮಧ್ಯಾಹ್ನ ಮತ್ತೆ ಅದೇ ಕಥೆ. ಇದು ಸಾಫ್ಟ್‌ವೇರಾ, ಸ್ಕ್ರೀನಾ, ಬ್ಯಾಟರಿಯಾ? ನಾನೇ ಏನಾದರೂ ನೋಡಿ ತಿಳಿದುಕೊಳ್ಳಬಹುದಾ?

ಯಲಹಂಕ_ಇವಿ:

ಮೊದಲು ರೀಸ್ಟಾರ್ಟ್ ಮಾಡಿ ನೋಡಿ. ಪ್ರತಿ ಗಾಡಿಗೂ ಒಂದೊಂದು ವಿಧಾನ ಇರುತ್ತದೆ. ಕೆಲವಕ್ಕೆ ಸ್ಕ್ರೀನ್ ಕೆಳಗಿನ ಪವರ್ ಅಥವಾ ಹೋಮ್ ಗುಂಡಿಯನ್ನು ಲೋಗೋ ಬರುವವರೆಗೆ ಒತ್ತಿ ಹಿಡಿಯಬೇಕು. ಟೆಸ್ಲಾದಲ್ಲಾದರೆ ಸ್ಟೀರಿಂಗ್ ಮೇಲಿನ ಎರಡೂ ಸ್ಕ್ರಾಲ್ ಚಕ್ರಗಳನ್ನು ಒಟ್ಟಿಗೆ ಒತ್ತಿ ಹಿಡಿಯಬೇಕು. ನಿಮ್ಮದಕ್ಕೆ ಯಾವುದು ಅಂತ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ. ಗಾಡಿ ನಿಲ್ಲಿಸಿ, ಪಾರ್ಕ್‌ಗೆ ಹಾಕಿಯೇ ಮಾಡಿ.

ಇನ್ನೊಂದು ವಿಷಯ. ಗಾಡಿ ಆಫ್ ಮಾಡಿದ ತಕ್ಷಣ ಸ್ಕ್ರೀನ್ ಕಂಪ್ಯೂಟರ್ ಪೂರ್ತಿ ಆಫ್ ಆಗುವುದಿಲ್ಲ. ಇಳಿದು, ಲಾಕ್ ಮಾಡಿ, ಕೀ ದೂರ ಇಟ್ಟುಕೊಂಡು ಹದಿನೈದು ನಿಮಿಷ ಬಿಟ್ಟರೆ ಹೆಚ್ಚಿನ ಗಾಡಿಗಳು ನಿದ್ದೆಗೆ ಜಾರುತ್ತವೆ. ಪೆನ್‌ಡ್ರೈವ್ ಇದ್ದರೆ ಕಿತ್ತಿಡಿ. ಕೆಟ್ಟ ಪೆನ್‌ಡ್ರೈವ್‌ನಿಂದ ಸಿಸ್ಟಂ ನಿಧಾನ ಆಗುವುದನ್ನು ನೋಡಿದ್ದೇನೆ.

ಹುಬ್ಬಳ್ಳಿ_ವೈರಿಂಗ್:

ಮೇಡಂ, ನಾನು ವಾಹನಗಳ ವೈರಿಂಗ್ ಕೆಲಸದವನು. ಈಗ ಎಲೆಕ್ಟ್ರಿಕ್ ಗಾಡಿಗಳೂ ನಮ್ಮ ಅಂಗಡಿಗೆ ಬರುತ್ತವೆ. ಸ್ಕ್ರೀನ್ ಕೆಲಸ ಮಾಡುತ್ತಿಲ್ಲ ಅಂತ ಹೇಳಿಕೊಂಡು ಬರುವ ಎಲ್ಲರ ತೊಂದರೆಯೂ ಒಂದೇ ಅಲ್ಲ. ರೀಸ್ಟಾರ್ಟ್ ಮಾಡುವುದಕ್ಕಿಂತ ಮೊದಲು ಒಂದು ನಿಮಿಷ ಸುಮ್ನೆ ಕೂತು ನೋಡಿ. ರೀಸ್ಟಾರ್ಟ್ ಮಾಡಿದರೆ ಸುಳಿವು ಅಳಿಸಿಹೋಗುತ್ತದೆ.

ಮೂಲೆಯಲ್ಲಿರುವ ಗಡಿಯಾರ ನೋಡಿ. ನಿಮಿಷ ಬದಲಾಗುತ್ತಿದೆಯಾ? ಸ್ಟೀರಿಂಗ್ ಗುಂಡಿಯಿಂದ ಹಾಡು ಬದಲಾಯಿಸಿ. ಬದಲಾಗುತ್ತದಾ? ರಿವರ್ಸ್ ಹಾಕಿ. ಕ್ಯಾಮೆರಾ ಚಿತ್ರ ಬರುತ್ತದಾ, ಬಂದದ್ದು ಅಲುಗಾಡುತ್ತದಾ? ಗಡಿಯಾರ ನಿಂತಿದ್ದರೆ ಕಂಪ್ಯೂಟರೇ ಹ್ಯಾಂಗ್ ಆಗಿದೆ. ಅದಕ್ಕೆ ಸಾಫ್ಟ್‌ವೇರ್, ಮೆಮೊರಿ, ಪ್ರೊಸೆಸರ್ ಬಿಸಿ, ಹೀಗೆ ಕಾರಣ ಹುಡುಕಬೇಕು. ಗಡಿಯಾರ ಓಡುತ್ತಿದೆ, ಸ್ಟೀರಿಂಗ್ ಗುಂಡಿಗೂ ಸ್ಪಂದಿಸುತ್ತಿದೆ, ಬೆರಳಿಗೆ ಮಾತ್ರ ಇಲ್ಲ ಅಂದರೆ ಕಂಪ್ಯೂಟರ್ ಎಚ್ಚರವಾಗಿದೆ, ಟಚ್ ಪದರದಿಂದ ಸುದ್ದಿ ಅದಕ್ಕೆ ತಲುಪುತ್ತಿಲ್ಲ. ಆಗ ಸಾಫ್ಟ್‌ವೇರ್ ಎಷ್ಟು ಸಲ ಹಾಕಿದರೂ ಉಪಯೋಗ ಆಗುವ ಸಾಧ್ಯತೆ ಕಮ್ಮಿ.

ಟಚ್ ಹೇಗೆ ಕೆಲಸ ಮಾಡುತ್ತದೆ ಅಂತ ಸ್ವಲ್ಪ ಹೇಳುತ್ತೇನೆ, ಮುಂದಿನದು ಸುಲಭವಾಗುತ್ತದೆ. ಗಾಜಿನ ಕೆಳಗೆ ಕಣ್ಣಿಗೆ ಕಾಣದಷ್ಟು ತೆಳುವಾದ ವಾಹಕ ಗೆರೆಗಳಿರುತ್ತವೆ, ಅಡ್ಡ ಒಂದಷ್ಟು, ಉದ್ದ ಒಂದಷ್ಟು. ಅವು ಕೂಡುವ ಒಂದೊಂದು ಜಾಗದಲ್ಲೂ ತೀರಾ ಚಿಕ್ಕ ವಿದ್ಯುತ್ ಅಳತೆ ನಡೆಯುತ್ತಲೇ ಇರುತ್ತದೆ. ಬೆರಳು ಬಂದರೆ ಆ ಜಾಗದ ಅಳತೆ ಬದಲಾಗುತ್ತದೆ, ಟಚ್ ಚಿಪ್ ಅದನ್ನು ಹಿಡಿದು ಕಂಪ್ಯೂಟರ್‌ಗೆ ತಿಳಿಸುತ್ತದೆ. ಒತ್ತಡ ಇಲ್ಲಿ ಲೆಕ್ಕಕ್ಕೇ ಇಲ್ಲ. ಜೋರಾಗಿ ಒತ್ತಿದರೆ ಗಾಜಿಗೆ ಪೆಟ್ಟು ಬೀಳುತ್ತದೆ ಅಷ್ಟೇ. ಈ ಗೆರೆಗಳಿಂದ ಚಿಪ್‌ಗೆ, ಚಿಪ್‌ನಿಂದ ಬೋರ್ಡಿಗೆ ಹೋಗುವುದು ಕಾಗದದಷ್ಟು ತೆಳುವಾದ ಪಟ್ಟಿ ಕೇಬಲ್. ಬಿಸಿಯಾದಾಗ ಎಲ್ಲವೂ ಕೂದಲೆಳೆಯಷ್ಟು ಹಿಗ್ಗುತ್ತವೆ. ಜೋಡಣೆ ಸಡಿಲ ಇದ್ದರೆ ಅಷ್ಟೇ ಸಾಕು, ಸಂಪರ್ಕ ತಪ್ಪುತ್ತದೆ. ತಣ್ಣಗಾದರೆ ಮತ್ತೆ ಕೂಡುತ್ತದೆ.

ಹೊರಗೆ ನಲವತ್ತು ಡಿಗ್ರಿ ಇದ್ದಾಗ ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಎಪ್ಪತ್ತು ಡಿಗ್ರಿಯ ಹತ್ತಿರ ಹೋಗಬಹುದು. ನಿಮ್ಮ ಸ್ಕ್ರೀನ್ ಅದರ ನೆತ್ತಿಯ ಮೇಲೆಯೇ ನಿಂತಿರುತ್ತದೆ, ಅಲ್ವಾ?

ಈಗ ನೀವು ನೋಡಬೇಕಾದದ್ದು. ಸ್ಕ್ರೀನ್ ಮೇಲೆ ಗಾರ್ಡ್ ಅಂಟಿಸಿದ್ದಾರಾ? ಕೆಲವು ಗಾರ್ಡ್‌ಗಳಿಗೆ ಅಂಚಿನಲ್ಲಿ ಮಾತ್ರ ಅಂಟು ಇರುತ್ತದೆ. ನಡುವೆ ಗಾಳಿ ನಿಂತರೆ ಬೆರಳಿನ ಸುಳಿವು ಕೆಳಗಿನವರೆಗೆ ಹೋಗುವುದಿಲ್ಲ. ಬಿಸಿಗೆ ಅಂಟು ಸಡಿಲವಾಗಿ ಗಾರ್ಡ್ ಇನ್ನಷ್ಟು ಮೇಲೇಳುತ್ತದೆ. ಇದ್ದರೆ ತೆಗೆದೇ ನೋಡಿ.

ಟಚ್ ಅರ್ಧಂಬರ್ಧ ಇದ್ದಾಗ ಮ್ಯಾಪ್ ತೆರೆದು ಒಂದು ಬೆರಳಿನಿಂದ ಎಡದಿಂದ ಬಲಕ್ಕೆ ನಿಧಾನವಾಗಿ ಎಳೆಯಿರಿ. ಆಮೇಲೆ ಮೇಲಿನಿಂದ ಕೆಳಗೆ. ಯಾವಾಗಲೂ ಒಂದೇ ನೇರ ಪಟ್ಟಿಯಲ್ಲಿ ಮ್ಯಾಪ್ ಬೆರಳು ಬಿಟ್ಟರೆ ಆ ಸಾಲಿನ ಸಂಪರ್ಕ ಹೋಗಿದೆ ಅಂತ ಅರ್ಥ. ಸಾಫ್ಟ್‌ವೇರ್ ತಪ್ಪು ಹೀಗೆ ಗೆರೆ ಎಳೆದ ಹಾಗೆ ಬರುವುದು ಅಪರೂಪ.

ಬಿಸಿ ಇರುವಾಗಲೇ ಒಂದು ಸಲ ರೀಸ್ಟಾರ್ಟ್ ಮಾಡಿ. ಮಾಡುವಾಗ ಸ್ಕ್ರೀನ್ ಮುಟ್ಟಬೇಡಿ, ಒದ್ದೆ ಬಟ್ಟೆ ತಾಗಿಸಬೇಡಿ. ಟಚ್ ಚಿಪ್ ಎದ್ದ ಕೂಡಲೇ ಯಾರೂ ಮುಟ್ಟಿಲ್ಲ ಅಂದುಕೊಂಡು ತನ್ನ ಮೂಲ ಅಳತೆ ಹಿಡಿದಿಟ್ಟುಕೊಳ್ಳುತ್ತದೆ. ಬಿಸಿಯಲ್ಲೇ ರೀಸ್ಟಾರ್ಟ್‌ಗೆ ಟಚ್ ಮರಳಿ ಬಂದರೆ ಚಿಪ್ ಸಿಕ್ಕಿಹಾಕಿಕೊಂಡಿತ್ತು ಅನ್ನಬಹುದು. ಬಾರದೆ, ತಣ್ಣಗಾದ ಮೇಲೆ ಮಾತ್ರ ಬಂದರೆ ಕೇಬಲ್ ಅಥವಾ ಸ್ಕ್ರೀನಿನ ಪ್ಯಾನೆಲ್ (ಟಚ್ ಗಾಜು, ಡಿಸ್‌ಪ್ಲೇ ಸೇರಿದ ಭಾಗ) ಮೇಲೆ ನನ್ನ ಅನುಮಾನ.

12 ವೋಲ್ಟ್ ಬ್ಯಾಟರಿಯನ್ನೂ ನೋಡಿಸಿ. ಗಾಡಿ ಓಡಿಸುವುದು ದೊಡ್ಡ ಬ್ಯಾಟರಿಯಾದರೂ ಸ್ಕ್ರೀನ್, ಲಾಕ್, ಲೈಟ್, ಕಂಪ್ಯೂಟರ್‌ಗಳಿಗೆಲ್ಲ ಕರೆಂಟ್ ಸಿಗುವುದು ಈ ಚಿಕ್ಕ ಬ್ಯಾಟರಿಯ ಲೈನಿನಿಂದ. ಲೆಡ್ ಆಸಿಡ್ ಆದರೆ ಗಾಡಿ ಕೆಲವು ಗಂಟೆ ಸುಮ್ಮನೆ ನಿಂತಿದ್ದಾಗ 12.6 ವೋಲ್ಟ್ ಆಸುಪಾಸು ಇರಬೇಕು. 12.2ಕ್ಕೆ ಬಂದರೆ ಅರ್ಧ ಖಾಲಿ. ಗಾಡಿ ರೆಡಿ ಮೋಡ್‌ನಲ್ಲಿದ್ದಾಗ, ಅಂದರೆ ಆನ್ ಆಗಿ ಓಡಲು ಸಿದ್ಧವಾಗಿದ್ದಾಗ, 13.5ರಿಂದ 14.5ರವರೆಗೆ ತೋರಿಸಿದರೆ ಚಾರ್ಜ್ ಆಗುತ್ತಿದೆ. ಬ್ಯಾಟರಿ ಸೋತಿದ್ದರೆ ಸ್ಕ್ರೀನ್ ಒಂದೇ ಅಲ್ಲ, ಬೇರೆ ಬೇರೆ ಎಚ್ಚರಿಕೆಗಳೂ ಬರುತ್ತವೆ.

ಒಂದು ಮಾತು ಕಡ್ಡಾಯ. ಬಾನೆಟ್ ಕೆಳಗೆ ಕಿತ್ತಳೆ ಬಣ್ಣದ ಕೇಬಲ್ ಕಂಡರೆ ಕೈ ಹಾಕಬೇಡಿ, ಬೇರೆಯವರು ಹಾಕಲೂ ಬಿಡಬೇಡಿ. ಅವು ಹೈ ವೋಲ್ಟೇಜ್ ಲೈನುಗಳು. ಫ್ಯೂಸ್ ಕಿತ್ತು ನೋಡೋಣ ಅಂತ ರಸ್ತೆಬದಿ ಗ್ಯಾರೇಜಿನವರು ಹೇಳಿದರೂ ಬೇಡ. ವಾರಂಟಿ ಇರುವ ಗಾಡಿ ನಿಮ್ಮದು.

ಉಡುಪಿ_ಮಳೆ:

ನಮ್ಮ ಕಡೆ ಇದರ ಉಲ್ಟಾ. ಮಳೆಗಾಲದಲ್ಲಿ ಟಚ್ ತಾನೇ ಒತ್ತಿಕೊಳ್ಳುತ್ತದೆ. ಕೊಡೆ ಮಡಚಿ ಒಳಗೆ ಬಂದು ಒದ್ದೆ ಕೈಯಲ್ಲಿ ಮುಟ್ಟಿದರೆ ಹನಿಯನ್ನೂ ಬೆರಳು ಅಂತ ತಿಳಿದು ರೇಡಿಯೋ ಚಾನೆಲ್ ಬದಲಾಯಿಸುತ್ತದೆ. ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿದರೆ ಸರಿ. ನಿಮ್ಮದು ಒಣಹವೆಯ ಊರು, ನಿಮಗೆ ಇದು ಕಾರಣ ಇರಲಾರದು. ಆದರೆ ಬೆವರಿದ ಕೈ ಆಗಿದ್ದರೆ ಒಮ್ಮೆ ಒರೆಸಿ ನೋಡಿ.

ಎಸಿ ಗುಂಡಿ ಇಲ್ಲದ್ದು ನನಗೂ ಬೇಸರದ ವಿಷಯ. ಆಗುಂಬೆ ಘಾಟಿಯಲ್ಲಿ ಮುಂದಿನ ಗಾಜಿಗೆ ಮಂಜು ಕಟ್ಟಿದಾಗ ಮೆನು ಹುಡುಕುತ್ತಾ ಕೂರಲು ಆಗುತ್ತದಾ? ಕಾರುಗಳ ಸುರಕ್ಷತೆ ಪರೀಕ್ಷಿಸಿ ಅಂಕ ಕೊಡುವ ಯುರೋಪಿನ ಸಂಸ್ಥೆ ಯೂರೋ ಎನ್‌ಕ್ಯಾಪ್ 2026ರಿಂದ ಇಂಡಿಕೇಟರ್, ಹಜಾರ್ಡ್ ಲೈಟ್, ವೈಪರ್, ಹಾರ್ನ್, ತುರ್ತು ಕರೆಗೆ ನಿಜವಾದ ಗುಂಡಿ ಅಥವಾ ಲಿವರ್ ಇದ್ದರೆ ಮಾತ್ರ ಪೂರ್ತಿ ಅಂಕ ಅಂದಿದೆ. ಆ ಪಟ್ಟಿಯಲ್ಲಿ ಮಂಜು ತೆಗೆಯುವ ಗುಂಡಿಯೂ ಇದ್ದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ತುಂಗಭದ್ರಾ_ದಂಡೆ:

ವೈರಿಂಗ್ ಸರ್, ನೀವು ಹೇಳಿದ್ದನ್ನೆಲ್ಲ ಮಾಡಿ ನೋಡಿದೆ. ಗಡಿಯಾರ ಓಡುತ್ತದೆ. ಸ್ಟೀರಿಂಗ್ ಗುಂಡಿಯಿಂದ ಹಾಡು, ಧ್ವನಿ ಎರಡೂ ಬದಲಾಗುತ್ತವೆ. ರಿವರ್ಸ್ ಕ್ಯಾಮೆರಾ ಚೆನ್ನಾಗಿ ಬರುತ್ತದೆ. ಬೆರಳಿಗೆ ಮಾತ್ರ ಉತ್ತರ ಇಲ್ಲ.

ಗಾಡಿ ಕೊಡುವಾಗಲೇ ಅವರು ಗಾರ್ಡ್ ಅಂಟಿಸಿ ಕೊಟ್ಟಿದ್ದರು. ಮೇಲಿನ ಅಂಚು ಸ್ವಲ್ಪ ಎದ್ದಿತ್ತು. ಬೆಳಿಗ್ಗೆ ಗಾಡಿ ತಣ್ಣಗಿದ್ದಾಗ ತೆಗೆದೆ. ಬೆಳಗಿನ ಟಚ್ ಮೊದಲಿಗಿಂತ ಚುರುಕಾಯಿತು. ಮಧ್ಯಾಹ್ನದ ತೊಂದರೆ ಹಾಗೇ ಉಳಿಯಿತು. ಬಿಸಿಯಲ್ಲಿ ರೀಸ್ಟಾರ್ಟ್ ಮಾಡಿದೆ, ಲೋಗೋ ಬಂತು, ಮ್ಯಾಪ್ ಬಂತು, ಟಚ್ ಬರಲಿಲ್ಲ.

ಮ್ಯಾಪ್ ಎಳೆದು ನೋಡುವ ಪರೀಕ್ಷೆಯಲ್ಲಿ ಒಂದು ವಿಷಯ ಗೊತ್ತಾಯಿತು. ಟಚ್ ಮರಳಿ ಬರುವಾಗ ಒಂದೇ ಸಲ ಬರುವುದಿಲ್ಲ. ಮೊದಲು ಎಡಭಾಗ ಬರುತ್ತದೆ. ಬಲಗಡೆ ಎರಡು ಬೆರಳಿನಷ್ಟು ಅಗಲದ ನೇರ ಪಟ್ಟಿ ಕೊನೆಯವರೆಗೂ ಸತ್ತೇ ಇರುತ್ತದೆ. ಎಸಿ ಫ್ಯಾನಿನ ಗುರುತು ಇರುವುದು ಅಲ್ಲೇ!

12 ವೋಲ್ಟ್ ಬ್ಯಾಟರಿಯನ್ನು ಪರಿಚಯದ ಎಲೆಕ್ಟ್ರಿಷಿಯನ್ ಮೀಟರ್ ಇಟ್ಟು ನೋಡಿದರು. ಬೆಳಿಗ್ಗೆ 12.6, ರೆಡಿಯಲ್ಲಿ 14ರ ಹತ್ತಿರ. ಬೇರೆ ಯಾವ ಎಚ್ಚರಿಕೆಯೂ ಇಲ್ಲ. ಮನೆಯಲ್ಲಿ ಚಾರ್ಜ್‌ಗೆ ಹಾಕಿ ಒಳಗೆ ಕೂತು ನೋಡಿದೆ, ಏನೂ ವ್ಯತ್ಯಾಸ ಇಲ್ಲ.

ಸ್ಯಾನ್‌ಹೋಸೆ_ಕನ್ನಡಿಗ:

ನಿಮ್ಮದು ಪ್ಯಾನೆಲ್ ಕಡೆಯ ತೊಂದರೆ ಅಂತಲೇ ನನಗೂ ಕಾಣುತ್ತಿದೆ. ಆದರೂ ಗಡಿಯಾರ ನಿಲ್ಲುವ ಜಾತಿಯ ತೊಂದರೆ ಇರುವವರು ಇಲ್ಲಿ ಓದುತ್ತಿದ್ದರೆ ಅವರಿಗಾಗಿ ಬರೆಯುತ್ತೇನೆ. ನಾನು ಇಲ್ಲಿ ಎಂಬೆಡೆಡ್ ಸಾಫ್ಟ್‌ವೇರ್ (ಯಂತ್ರಗಳ ಒಳಗೆ ಕೂರುವ ಸಾಫ್ಟ್‌ವೇರ್) ಕೆಲಸದಲ್ಲಿದ್ದೇನೆ, ಟೆಸ್ಲಾ ಕಾರುಗಳ ಎರಡು ಪ್ರಕರಣಗಳನ್ನು ಅವು ನಡೆದಾಗಲೇ ಆಸಕ್ತಿಯಿಂದ ಓದಿದ್ದೆ.

ಟೆಸ್ಲಾದ ಹಳೆಯ ಮಾಡೆಲ್ ಎಸ್ ಮತ್ತು ಮಾಡೆಲ್ ಎಕ್ಸ್ ಕಾರುಗಳ ಸ್ಕ್ರೀನ್ ಕಂಪ್ಯೂಟರ್‌ನಲ್ಲಿ 8 ಜಿಬಿಯ ಫ್ಲ್ಯಾಶ್ ಮೆಮೊರಿ ಇತ್ತು. ಫ್ಲ್ಯಾಶ್ ಮೆಮೊರಿಗೆ ಇಂತಿಷ್ಟು ಸಲ ಬರೆದು ಅಳಿಸಬಹುದು ಅನ್ನುವ ಮಿತಿ ಇದೆ. ವರ್ಷಗಟ್ಟಲೆ ಬರೆದೂ ಬರೆದೂ ಆ ಮಿತಿ ಮುಗಿಯಿತು, ಸ್ಕ್ರೀನ್ ನಿಧಾನವಾಗಿ ಕೊನೆಗೆ ಕಪ್ಪಾಗುತ್ತಿತ್ತು. ಹಿಂದಿನ ಕ್ಯಾಮೆರಾ, ಗಾಜಿನ ಮಂಜು ತೆಗೆಯುವ ಸೌಲಭ್ಯ ಎಲ್ಲ ಹೋಗುವುದರಿಂದ ಇದು ಸುರಕ್ಷತೆಯ ವಿಷಯ ಅಂತ ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ ಪಟ್ಟು ಹಿಡಿಯಿತು. 2021ರ ಫೆಬ್ರವರಿಯಲ್ಲಿ ಸುಮಾರು 1 ಲಕ್ಷ 35 ಸಾವಿರ ಗಾಡಿಗಳನ್ನು ಕಂಪನಿ ವಾಪಸ್ ಕರೆಯಬೇಕಾಯಿತು.

ಇನ್ನೊಂದು 2022ರ ಮೇ ತಿಂಗಳದ್ದು. ಫಾಸ್ಟ್ ಚಾರ್ಜ್ ಮಾಡುವಾಗ ಅಥವಾ ಅದಕ್ಕೆ ಬ್ಯಾಟರಿ ತಯಾರಾಗುವಾಗ ಸ್ಕ್ರೀನ್ ಕಂಪ್ಯೂಟರ್‌ನ ಪ್ರೊಸೆಸರ್‌ಗೆ ಸಾಕಷ್ಟು ತಂಪು ಸಿಗುತ್ತಿರಲಿಲ್ಲ. ಅದು ನಿಧಾನವಾಗುತ್ತಿತ್ತು ಇಲ್ಲವೇ ತಾನೇ ರೀಸ್ಟಾರ್ಟ್ ಆಗುತ್ತಿತ್ತು. ಸುಮಾರು 1 ಲಕ್ಷ 30 ಸಾವಿರ ಗಾಡಿಗಳು. ಅದನ್ನು ಇಂಟರ್ನೆಟ್ ಮೂಲಕ ಕಳಿಸಿದ ಸಾಫ್ಟ್‌ವೇರಿನಿಂದಲೇ ಸರಿಮಾಡಿದರು. ಮೊದಲನೆಯದಕ್ಕೆ ಬಿಡಿಭಾಗವೇ ಬದಲಾಗಬೇಕಿತ್ತು, ಎರಡನೆಯದಕ್ಕೆ ಸಾಫ್ಟ್‌ವೇರ್ ಸಾಕಾಯಿತು. ಹೊರಗಿನಿಂದ ನೋಡುವವರಿಗೆ ಎರಡರಲ್ಲೂ ಸ್ಕ್ರೀನ್ ಹ್ಯಾಂಗ್ ಅಷ್ಟೇ. ಅದಕ್ಕೇ ಹುಬ್ಬಳ್ಳಿಯವರು ಹೇಳಿದ ಗಡಿಯಾರದ ಪರೀಕ್ಷೆ ನನಗೆ ತುಂಬಾ ಹಿಡಿಸಿತು. ಜೊತೆಗೆ ಯಾವ ಹೊತ್ತಿನಲ್ಲಿ ಆಗುತ್ತದೆ ಅನ್ನುವುದನ್ನೂ ಬರೆದಿಟ್ಟುಕೊಳ್ಳಿ. ಬಿಸಿಲಲ್ಲಾ, ಚಾರ್ಜಿಂಗ್‌ನಲ್ಲಾ, ಫೋನ್ ಜೋಡಿಸಿದಾಗಲಾ?

ಹುಬ್ಬಳ್ಳಿ_ವೈರಿಂಗ್:

ಮೇಡಂ, ನೇರ ಪಟ್ಟಿ ಅಂದಿರಲ್ಲ, ನನಗೆ ಅಷ್ಟು ಸಾಕು. ಪ್ಯಾನೆಲ್ ಅಥವಾ ಅದರ ಕೇಬಲ್. ಬಿಚ್ಚಿ ನೋಡಬೇಕಾದವರು ಅವರೇ, ನೀವಲ್ಲ.

ಈಗ ಕಷ್ಟದ ಕೆಲಸ ಅಂದರೆ ಸರ್ವಿಸ್‌ನವರನ್ನು ಒಪ್ಪಿಸುವುದು. ಅವರದ್ದೂ ಪೂರ್ತಿ ತಪ್ಪಲ್ಲ. ಕಣ್ಣಿಗೆ ಕಾಣದ ತೊಂದರೆಗೆ ದುಬಾರಿ ಸಾಮಾನು ಬದಲಾಯಿಸಿದರೆ ಕಂಪನಿ ಅವರನ್ನು ಕೇಳುತ್ತದೆ. ಹಾಗಾಗಿ ಕಾಣುವ ಹಾಗೆ ಮಾಡಿ. ಗಾಡಿ ನಿಲ್ಲಿಸಿ, ಇನ್ನೊಬ್ಬರ ಕೈಗೆ ಫೋನ್ ಕೊಟ್ಟು ವಿಡಿಯೋ ತೆಗೆಸಿ. ಒಂದೇ ವಿಡಿಯೋದಲ್ಲಿ ಇವೆಲ್ಲ ಬರಲಿ: ಓಡುತ್ತಿರುವ ಗಡಿಯಾರ, ಹೊರಗಿನ ಉಷ್ಣಾಂಶ, ಬೆರಳು ಒತ್ತುವುದು, ಸ್ಟೀರಿಂಗ್ ಗುಂಡಿಯಿಂದ ಹಾಡು ಬದಲಾಗುವುದು, ಆ ಪಟ್ಟಿ. ನಡುವೆ ಕತ್ತರಿಸಬೇಡಿ.

ಬೆಳಿಗ್ಗೆ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಬೇಡಿ. ಮಧ್ಯಾಹ್ನ ಹೋಗಿ, ಅವರ ಅಂಗಳದ ಬಿಸಿಲಲ್ಲೇ ಒಂದು ಗಂಟೆ ನಿಲ್ಲಿಸಿ, ಆಮೇಲೆ ಅಡ್ವೈಸರ್‌ನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಅವರು ದೂರು ಬರೆದುಕೊಳ್ಳುವ ಜಾಬ್ ಕಾರ್ಡ್‌ನಲ್ಲಿ ಸ್ಕ್ರೀನ್ ತೊಂದರೆ ಅಂತ ಎರಡು ಪದ ಬರೆದರೆ ಒಪ್ಪಬೇಡಿ. ಬಿಸಿಯಾದಾಗ ಟಚ್ ಇಲ್ಲ, ಸಿಸ್ಟಂ ಚಾಲೂ ಇದೆ, ಬಲಗಡೆ ನೇರ ಪಟ್ಟಿ ಸ್ಪಂದಿಸುವುದಿಲ್ಲ, ರೀಸ್ಟಾರ್ಟ್‌ಗೆ ಸರಿಹೋಗಲಿಲ್ಲ ಅಂತ ಪೂರ್ತಿ ಬರೆಸಿ. ಅದರ ಪ್ರತಿ ಇಟ್ಟುಕೊಳ್ಳಿ. ಹಿಂದಿನ ಸಲದ ಜಾಬ್ ಕಾರ್ಡನ್ನೂ ಒಯ್ಯಿರಿ. ವಾರಂಟಿ ಮುಗಿಯುವ ಮೊದಲೇ ತೊಂದರೆ ಶುರುವಾಗಿತ್ತು ಅನ್ನುವುದಕ್ಕೆ ಆ ಕಾಗದವೇ ಸಾಕ್ಷಿ.

ಅಲ್ಲಿಯವರೆಗೆ ಅಪ್ಪನವರ ಸಲುವಾಗಿ ಒಂದೆರಡು ಉಪಾಯ. ಇಳಿಯುವಾಗ ಎಸಿಯನ್ನು ಆಟೋಗೆ ಹಾಕಿ, 23ಕ್ಕೋ 24ಕ್ಕೋ ಇಟ್ಟು ಇಳಿಯಿರಿ. ಮಧ್ಯಾಹ್ನ ಅದೇ ಸೆಟ್ಟಿಂಗ್‌ನಲ್ಲಿ ಶುರುವಾದರೆ ಫ್ಯಾನು ತಾನೇ ಜೋರಾಗುತ್ತದೆ. ಕಂಪನಿಯ ಫೋನ್ ಆ್ಯಪ್‌ನಲ್ಲಿ ಎಸಿ ಹಾಕುವ ಸೌಲಭ್ಯ ಇದ್ದರೆ ಹೊರಡುವ ಹತ್ತು ನಿಮಿಷ ಮೊದಲೇ ಹಾಕಿ. ಸ್ಟೀರಿಂಗ್ ಮೇಲೆ ಮಾತಿನ ಗುಂಡಿ ಇದ್ದರೆ ಅದರಿಂದಲೂ ಉಷ್ಣಾಂಶ ಇಳಿಸಬಹುದು. ಮುಂದಿನ ಗಾಜಿಗೆ ಬೆಳ್ಳಿ ಬಣ್ಣದ ಪರದೆ, ಸ್ಕ್ರೀನ್ ಮೇಲೆ ಒಣ ಹತ್ತಿ ಟವೆಲ್. ತಣ್ಣೀರಿನ ಬಟ್ಟೆ ಮಾತ್ರ ಇಡಬೇಡಿ. ಕಾದ ಗಾಜಿಗೂ ಒಳ್ಳೆಯದಲ್ಲ, ಅಂಚಿನಿಂದ ನೀರೂ ಇಳಿಯುತ್ತದೆ.

ತುಂಗಭದ್ರಾ_ದಂಡೆ:

ಕೆಲಸ ಆಯಿತು! ವಿಡಿಯೋ ತೋರಿಸಿದ ಮೇಲೆ ಮಾತಿನ ಧಾಟಿಯೇ ಬದಲಾಯಿತು. ಮಧ್ಯಾಹ್ನವೇ ಹೋಗಿದ್ದೆ. ಸರ್ವಿಸ್ ಮ್ಯಾನೇಜರ್ ಸ್ವತಃ ಬಂದು ಕೂತು ಮ್ಯಾಪ್ ಎಳೆದು ನೋಡಿದರು. ಪಟ್ಟಿ ಅವರ ಬೆರಳಿಗೂ ಸಿಕ್ಕಿತು. ಅವರೇ ಫೋನ್‌ನಲ್ಲಿ ಇನ್ನೊಂದು ವಿಡಿಯೋ ಮಾಡಿ ಕಂಪನಿಗೆ ಕಳಿಸಿದರು. ವಾರಂಟಿಯಲ್ಲಿ ಡಿಸ್‌ಪ್ಲೇ ಪ್ಯಾನೆಲ್ ಪೂರ್ತಿ ಬದಲಾಯಿಸಿ ಕೊಟ್ಟರು, ಹಣ ತೆಗೆದುಕೊಳ್ಳಲಿಲ್ಲ. ಕಂಪ್ಯೂಟರ್ ಹಳೆಯದೇ. ಹಾಗಾಗಿ ಫೋನ್ ಜೋಡಣೆ, ಉಳಿಸಿದ ವಿಳಾಸ ಯಾವುದೂ ಹೋಗಲಿಲ್ಲ.

ಬಿಚ್ಚಿದ ಹುಡುಗನನ್ನು ಕೇಳಿದೆ. ಹಿಂದಿನ ಪಟ್ಟಿ ಕೇಬಲ್‌ನ ಒಂದು ತುದಿ ಗಾಜಿನ ಕಡೆ ಅಂಟಿರುವಲ್ಲಿ ಸ್ವಲ್ಪ ಎದ್ದಿದೆ ಅಂತ ತೋರಿಸಿದ. ಕಣ್ಣಿಗೆ ಕಾಣುವುದೂ ಕಷ್ಟ, ಅಷ್ಟು ಸಣ್ಣದು. ಈಗ ಬಳ್ಳಾರಿಯ ಅದೇ ಬಿಸಿಲು, ಗಾಡಿ ನಿಲ್ಲುವ ಜಾಗವೂ ಅದೇ, ಟಚ್ ಮೊದಲ ಬೆರಳಿಗೇ ಕೆಲಸ ಮಾಡುತ್ತಿದೆ. ಹೊಸ ಗಾರ್ಡ್ ಹಾಕಿಸಲಿಲ್ಲ.

ವೈರಿಂಗ್ ಸರ್, ನಿಮಗೆ ಹೇಗೆ ಧನ್ಯವಾದ ಹೇಳಲಿ. ಅಪ್ಪನೂ ಹೇಳಲು ಹೇಳಿದ್ದಾರೆ. ಎಸಿಗೆ ಒಂದು ಗುಂಡಿ ಕೊಡಿ ಅಂತ ಕಂಪನಿಗೆ ಬರೆದಿದ್ದೇನೆ. ಈ ತೊಂದರೆ ಇರುವವರೆಲ್ಲ ಬರೆಯಿರಿ ಅಂತ ಕೇಳಿಕೊಳ್ಳುತ್ತೇನೆ. ನಾವು ಕೇಳದೆ ಅವರಿಗೆ ಗೊತ್ತಾಗುವುದಾದರೂ ಹೇಗೆ?

ಯಲಹಂಕ_ಇವಿ:

ಒಳ್ಳೆಯ ಸುದ್ದಿ. ವೈರಿಂಗ್ ಸರ್, ನನ್ನ ಗಾಡಿಗೆ ವಾರಂಟಿ ಮುಗಿಯುತ್ತಾ ಬಂತು. ಮುಂದೆ ಇದೇ ತೊಂದರೆ ಬಂದರೆ ಹೊರಗಡೆ ಬರೀ ಟಚ್ ಗಾಜು ಬದಲಾಯಿಸಬಹುದಾ?

ಹುಬ್ಬಳ್ಳಿ_ವೈರಿಂಗ್:

ಎಲ್ಲದಕ್ಕೂ ಆಗುವುದಿಲ್ಲ. ಕೆಲವು ಗಾಡಿಗಳಲ್ಲಿ ಟಚ್ ಗಾಜು ಮತ್ತು ಡಿಸ್‌ಪ್ಲೇ ನಡುವೆ ಪೂರ್ತಿ ಪಾರದರ್ಶಕ ಅಂಟು ತುಂಬಿರುತ್ತಾರೆ, ಬೇರ್ಪಡಿಸಲು ಹೋದರೆ ಎರಡೂ ಹಾಳು. ಅಂಚಿನಲ್ಲಿ ಮಾತ್ರ ಅಂಟಿಸಿದ ಗಾಡಿಗಳಲ್ಲಿ ಬರೀ ಟಚ್ ಬದಲಾಯಿಸಬಹುದು. ನಿಮ್ಮದು ಯಾವುದು ಅಂತ ಪಾರ್ಟ್ ನಂಬರ್ ಇಟ್ಟುಕೊಂಡು ಕೇಳಿ. ವಾರಂಟಿ ಮುಗಿಯುವ ಮೊದಲು ಒಂದು ಸುಡುಬಿಸಿಲಿನ ಮಧ್ಯಾಹ್ನ ಆ ಮ್ಯಾಪ್ ಪರೀಕ್ಷೆ ಮಾಡಿಬಿಡಿ. ಪಟ್ಟಿ ಸಿಕ್ಕರೆ ಅವತ್ತೇ ಜಾಬ್ ಕಾರ್ಡ್ ಮಾಡಿಸಿ.